ಆಟೋದಲ್ಲಿ ಕೇಳಿದ ಎರಡು ಹಾಡು

ನಿಟ್ಟುವಳ್ಳಿಯ ಟಿಂಕರಿಂಗ್ ಶೆಡ್ಡಿನಲ್ಲಿ ಚೌಡೇಶನನ್ನು ಕೆಲಸದ ಹೊತ್ತಿನಲ್ಲಿ ಮಾತಾಡಿಸಿ ಗೆದ್ದವರಿಲ್ಲ. ಯಾವುದೋ ಕಾರಿನ ಜಜ್ಜಿಹೋದ ಬಾಗಿಲನ್ನು ಮುಂದೆ ಹಾಕಿಕೊಂಡು, ಒಳಗಿನಿಂದ ಕಬ್ಬಿಣದ ಗಟ್ಟಿಯೊಂದನ್ನು ಒತ್ತಿಹಿಡಿದು, ಹೊರಗಿನಿಂದ ಸುತ್ತಿಗೆಯಲ್ಲಿ ಬಡಿಯುತ್ತ ಕೂತನೆಂದರೆ, ಹಿಂದೆ ನಿಂತವರು ಗಂಟಲು ಹರಿದುಕೊಂಡರೂ ತಿರುಗಿ ನೋಡುತ್ತಿರಲಿಲ್ಲ. ಕೆಲಸಕ್ಕೆ ಕೂತರೆ ಪುಣ್ಯಾತ್ಮನಿಗೆ ಮೈಮೇಲೆ ಎಚ್ಚರವೇ ಇರುವುದಿಲ್ಲ ಎಂದು ಗಿರಾಕಿಗಳು ಮೆಚ್ಚಿಕೊಂಡು ಹೋಗುತ್ತಿದ್ದರು. ಈ ಪುಕ್ಕಟೆ ಹೊಗಳಿಕೆ ಅವನನ್ನು ಎರಡು ಮೂರು ವರ್ಷ ಕಾಪಾಡಿತು. ನಿಜ ಹೇಳಬೇಕೆಂದರೆ ಅವನಿಗೆ ಕಿವಿ ಕೇಳಿಸುತ್ತಿರಲಿಲ್ಲ.

ಪೂರ್ತಿ ಕೇಳಿಸುತ್ತಿರಲಿಲ್ಲ ಎಂದಲ್ಲ. ಲಾರಿ ಹಾರ್ನ್ ಕೇಳಿಸುತ್ತಿತ್ತು. ಎದುರಿಗೆ ನಿಂತು ಮಾತಾಡಿದರೆ ಅರ್ಧ ಕಿವಿಯಲ್ಲಿ, ಅರ್ಧ ತುಟಿ ನೋಡಿ ಹೇಗೋ ಕೂಡಿಸಿಕೊಳ್ಳುತ್ತಿದ್ದ. ಆದರೆ ಕುಕ್ಕರಿನ ಸೀಟಿ, ಮೊಬೈಲಿನ ರಿಂಗು, ಬೆಳಗಿನ ಗುಬ್ಬಿಗಳು, ಹೆಂಗಸರ ಸಣ್ಣ ದನಿ, ಇವೆಲ್ಲ ಒಂದೊಂದಾಗಿ ಅವನ ಲೋಕದಿಂದ ಎದ್ದುಹೋಗಿದ್ದವು. ಯಾವುದು ಯಾವಾಗ ಹೋಯಿತೆಂದು ಕೇಳಿದರೆ ಅವನಿಗೂ ಗೊತ್ತಿಲ್ಲ. ಒಂದು ದಿನ ಹೆಂಡತಿ ಸುಧಾ ಒಲೆಯ ಕಡೆ ಓಡಿದಾಗಲೇ ಅವನಿಗೆ ಕುಕ್ಕರ್ ಕೂಗುತ್ತಿದೆ ಎಂದು ತಿಳಿದದ್ದು.

ತಪ್ಪು ಯಾರದು ಎಂದು ಹುಡುಕಿದರೆ ಅದು ಕೆಲಸ ಕಲಿಸಿದ ನಬೀ ಸಾಬರದೂ ಅಲ್ಲ, ಕಲಿತ ಚೌಡೇಶನದೂ ಅಲ್ಲ. ಟಿಂಕರಿಂಗ್‌ನಲ್ಲಿ ಕಣ್ಣಿಗಿಂತ ಕಿವಿ ದೊಡ್ಡದು. ನೆಗ್ಗು ಇರುವಲ್ಲಿ ತಗಡು ಒಡಕು ದನಿಯಲ್ಲಿ ಮಾತಾಡುತ್ತದೆ. ನೆಗ್ಗು ಎದ್ದು ಸಮವಾದ ಮೇಲೆ ಅದೇ ತಗಡು ಗಟ್ಟಿಯಾಗಿ, ಚೊಕ್ಕವಾಗಿ ದನಿ ಕೊಡುತ್ತದೆ. 'ಕಿವಿಗೆ ಹತ್ತಿ ತುರುಕ್ಕಂಡ್ರೆ ತಗಡಿನ ಮಾತು ಕೇಳೋರು ಯಾರಲೇ?' ಎಂದು ನಬೀ ಸಾಬರು ಹದಿನೇಳರ ಹುಡುಗನಿಗೆ ಗದರಿದ್ದರು. ಅವನು ಆ ಮಾತನ್ನು ಮೀರಲಿಲ್ಲ. ಮೂವತ್ತೊಂಬತ್ತು ತುಂಬುವವರೆಗೂ ಬರಿಗಿವಿಯಲ್ಲೇ ತಗಡು ಬಡಿದ. ನಬೀ ಸಾಬರು ಕೊನೆಗಾಲದಲ್ಲಿ ಮಸೀದಿಯ ಮೈಕಿನ ಕೆಳಗೇ ಕೂತು 'ಬಾಂಗ್ ಆತೇನಪ್ಪ?' ಎಂದು ಕೇಳುತ್ತಿದ್ದರು. ಆಗ ಶೆಡ್ಡಿನವರೆಲ್ಲ ನಕ್ಕಿದ್ದರು, ಚೌಡೇಶನೂ ನಕ್ಕಿದ್ದ.

ತಗಡಿನ ಕೆಲಸವಾದರೂ ಕೈಯಿಂದ ಸವರಿ ನೋಡಿ ನಡೆಸಬಹುದಿತ್ತು. ಚೌಡೇಶನ ಜೀವ ಇದ್ದದ್ದು ಬೇರೆ ಕಡೆ. ಅವನು ಡ್ರಮ್ ಬಾರಿಸುತ್ತಿದ್ದ. ಮೊದಲು ಗಣಪತಿ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದ. ಆಮೇಲೆ ವಿನೋಬನಗರದ ಆಸಿಮ್, ಹರಿಹರದ ಸಿದ್ದೇಶ್ ಜೊತೆಗೂಡಿ ಮೂವರೂ ತಮ್ಮದೇ ಹಾಡು ಕಟ್ಟಿ ಹಾಡುವ ಬ್ಯಾಂಡ್ ಮಾಡಿದರು. ಆಸಿಮನದು ಗಾದಿ ಅಂಗಡಿ. ಗಿಟಾರ್ ನುಡಿಸುತ್ತಾನೆ, ಹಾಡುತ್ತಾನೆ. ಸಿದ್ದೇಶ್ ಕಾಲೇಜೊಂದರಲ್ಲಿ ಪಾಠ ಹೇಳುತ್ತಾನೆ. ಹಾಡು ಬರೆಯುವವನು, ಬೇಸ್ ಗಿಟಾರ್ ಹಿಡಿಯುವವನು ಅವನೇ. ಗಾದಿ ಅಂಗಡಿಯ ಹಿಂದಿನ ಗೋಡೌನಿನಲ್ಲಿ ಸೂರಿನ ತನಕ ಹತ್ತಿಯ ಮೂಟೆ. ಒಳಗೆ ಎಷ್ಟು ಬಾರಿಸಿದರೂ ಆಚೆ ಮನೆಯವರಿಗೆ ಕೇಳುವುದಿಲ್ಲ. ಹಾಗಾಗಿ ಅಲ್ಲೇ ಅಭ್ಯಾಸ, ಬ್ಯಾಂಡಿನ ಹೆಸರೂ 'ಗೋಡೌನ್'. ದಾವಣಗೆರೆಯಲ್ಲಿ ರಾಕ್ ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಗೆ ಬರುತ್ತೀರಾ ಎಂದು ಕೇಳುವವರೇ ಹೆಚ್ಚು. ಆದರೂ ಇಂಟರ್‌ನೆಟ್ಟಿನಲ್ಲಿ ಇವರ ಹಾಡು ಕೇಳಿ, ಮುಂದಿನದು ಯಾವಾಗ ಎಂದು ವಿಚಾರಿಸುವ ಹುಡುಗರು ಒಂದಷ್ಟಿದ್ದರು. ಅವರಿಗಾಗಿ ಈಗ ಮೊದಲ ಆಲ್ಬಮ್ ತಯಾರಾಗುತ್ತಿತ್ತು.

ಹಿಂದಿನ ವರ್ಷ ಚೌಡೇಶ್ ಯಾರಿಗೂ ಹೇಳದೆ ಕಿವಿ ಡಾಕ್ಟರ ಹತ್ತಿರ ಹೋಗಿದ್ದ. ಸಣ್ಣ ಕೋಣೆಯಲ್ಲಿ ಕೂರಿಸಿ, ಕಿವಿಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಕೈ ಎತ್ತು ಎಂದರು. ಅವನು ಕೈ ಎತ್ತಲು ಕಾದ. ಕಾದದ್ದೇ ಆಯಿತು. ಹೋದದ್ದು ಮತ್ತೆ ಬರುವುದಿಲ್ಲ, ಇರುವುದನ್ನಾದರೂ ಉಳಿಸಿಕೋ, ತಗಡನ್ನೂ ಡ್ರಮ್ಮನ್ನೂ ಬಿಡು ಎಂದರು ಡಾಕ್ಟರು. ಕಿವಿಗೆ ಮಿಷನ್ ಹಾಕಿಕೊಂಡರೆ ಮನೆಮಂದಿಯ ಮಾತು ಕೇಳುತ್ತದಂತೆ. ಹಾಡಿಗೆ ಅದನ್ನು ನಂಬಬೇಡ ಎಂದರು. ತಗಡು ಬಿಟ್ಟರೆ ಹೊಟ್ಟೆಗೆ ಏನು ಎಂದು ಅವನು ಕೇಳಿದ. ಡ್ರಮ್ ಬಿಟ್ಟರೆ ಏನು ಎಂದು ಮಾತ್ರ ಕೇಳಲಿಲ್ಲ.

ಅಂದಿನಿಂದ ಬ್ಯಾಂಡಿನಲ್ಲಿ ಅವನದು ಕಳ್ಳನ ಬಾಳು. ಸಿದ್ದೇಶನ ಬೇಸ್ ಸ್ಪೀಕರನ್ನು ತನ್ನ ಸ್ಟೂಲಿಗೆ ತಾಗಿಸಿ ಇಟ್ಟುಕೊಂಡ. ಕೇಳದಿದ್ದದ್ದು ಬೆನ್ನಿಗೆ ಗೊತ್ತಾಗುತ್ತಿತ್ತು. ಆಸಿಮನ ಬಲಗಾಲು ತಾಳ ಹಾಕುವುದನ್ನು ನೋಡಿ ಬಾರಿಸುತ್ತಿದ್ದ. ಹುಬ್ಬಳ್ಳಿಯ ಸ್ಟುಡಿಯೋದಲ್ಲಿ ರೆಕಾರ್ಡಿಂಗ್ ಆದಾಗ ಮಾತ್ರ ಪ್ರಾಣ ಬಾಯಿಗೆ ಬಂದಿತ್ತು. ಅಲ್ಲಿ ಹೆಡ್‌ಫೋನಿನಲ್ಲಿ ಟಿಕ್ ಟಿಕ್ ಎಂದು ಬರುವ ಸಣ್ಣ ಶಬ್ದಕ್ಕೆ ಸರಿಯಾಗಿ ಬಾರಿಸಬೇಕು. ಅವನಿಗೆ ಆ ಟಿಕ್ ಬರಲೇ ಇಲ್ಲ. ಗಾಜಿನ ಆಚೆ ಕೂತಿದ್ದ ಆಸಿಮನ ಕಾಲನ್ನೇ ನಂಬಿ ಬಾರಿಸಿ ಬಂದ. ಮುಗಿದ ಮೇಲೆ ಎಲ್ಲರೂ 'ಆತು ಬಿಡಣ್ಣ' ಎಂದಿದ್ದರು. ಆ ಮಾತಿಗೆ ಏನರ್ಥವೆಂದು ಅವನು ಎಷ್ಟೋ ದಿನ ಯೋಚಿಸಿದ.

ಮೊದಲ ಎರಡು ಹಾಡು ತಯಾರಾಗಿವೆ, ಭಾನುವಾರ ಕೇಳೋಣ ಎಂದು ಆಸಿಮ್ ಸುದ್ದಿ ಕಳಿಸಿದಾಗ ಚೌಡೇಶನ ಎದೆ ಧಸಕ್ ಎಂದಿತು. ಗೋಡೌನಿನವರಲ್ಲಿ ಹಾಡು ಕೇಳುವುದಕ್ಕೆ ಒಂದು ಪದ್ಧತಿಯಿತ್ತು. ಹಿಂದೊಮ್ಮೆ ಹೆಡ್‌ಫೋನಿನಲ್ಲಿ ಕೇಳಿ ಅದ್ಭುತ ಎಂದುಕೊಂಡಿದ್ದ ಹಾಡು ಆಸಿಮನ ಪರಿಚಯದ ಕುತುಬುದ್ದೀನ್ ಚಾಚಾನ ಡೀಸೆಲ್ ಆಟೋದಲ್ಲಿ ಬರೀ ಗೊರಗೊರ ಎಂದಿತ್ತು. ನಮ್ಮೂರ ಜನ ಹಾಡು ಕೇಳುವುದು ಆಟೋದಲ್ಲಿ, ಆಟೋದಲ್ಲಿ ಉಳಿದದ್ದೇ ಹಾಡು ಎಂದು ಸಿದ್ದೇಶ್ ಅಂದೇ ತೀರ್ಪು ಕೊಟ್ಟ. ಅಲ್ಲಿಂದಾಚೆ ಯಾವ ಹೊಸ ಹಾಡೇ ಆಗಲಿ, ಚಾಚಾನ ಆಟೋದಲ್ಲಿ ಕೂತು, ಪಿ.ಬಿ. ರೋಡ್ ಹಿಡಿದು ಹರಿಹರದ ಹೊಳೆಯ ತನಕ ಹೋಗುತ್ತ ಕೇಳಬೇಕು. ಹಾಡು ಮುಗಿಯುವ ತನಕ ಯಾರೂ ಬಾಯಿ ಬಿಡಬಾರದು. ಮುಗಿದ ಮೇಲೆ ವಯಸ್ಸಿನಲ್ಲಿ ಹಿರಿಯನಾದ ಚೌಡೇಶ್ ಮೊದಲು ಹೇಳಬೇಕು. ಈ ಹಿರಿತನ ಅವನಿಗೆ ಒಂದು ಕಾಲಕ್ಕೆ ಬಲು ಹೆಮ್ಮೆಯ ವಿಷಯವಾಗಿತ್ತು.

ಮೊದಲ ಹಾಡು 'ಸೈರನ್' ಶುಕ್ರವಾರವೇ ಮೊಬೈಲಿಗೆ ಬಂತು. ಆಟೋಕ್ಕಿಂತ ಮುಂಚೆ ಯಾರೂ ಕೇಳಬ್ಯಾಡ್ರಿ, ಜೋಪಾನ ಇರಲಿ ಅಂತ ಕಳಿಸೀನಿ ಎಂದು ಆಸಿಮ್ ಬರೆದಿದ್ದ. ಎರಡನೆಯದು ಇನ್ನೂ ಬಂದಿರಲಿಲ್ಲ. ಚೌಡೇಶ್ ಮನೆಗೆ ಹೋದವನೇ ಮೊಬೈಲನ್ನು ಸುಧಾಳ ಕೈಗೆ ಕೊಟ್ಟ.

"ಇದನ್ನ ಪೂರ್ತಿ ಕೇಳಿ, ಹೆಂಗೈತೆ ಹೇಳು."

ಸುಧಾ ಬಟ್ಟೆ ಮಡಿಸುತ್ತಿದ್ದವಳು ಕೈ ನಿಲ್ಲಿಸಿ ಅವನ ಮುಖ ನೋಡಿದಳು. ಅವಳ ತವರು ಹರಿಹರದ ಹತ್ತಿರದ ಕಡರನಾಯಕನಹಳ್ಳಿ. ಮದುವೆಯಾಗಿ ಬಂದಾಗಿನಿಂದ ಈ ಬ್ಯಾಂಡನ್ನು ಸವತಿ ಎಂದೇ ಕರೆಯುತ್ತ ಬಂದವಳು. ಗಂಡನ ಕಿವಿ ಮಂದವಾಗಿದೆ ಎಂದು ಅವಳಿಗೆ ಗೊತ್ತಿತ್ತು. ಎಷ್ಟು ಮಂದ ಎಂದು ಆ ಕ್ಷಣದಲ್ಲಿ ತಿಳಿಯಿತು.

"ನೀವೇ ಕೇಳ್ರಿ" ಎಂದಳು, ಹೆದರಿದವಳಂತೆ.

"ನನಗ ಕೇಳ್ಸಿದ್ರೆ ನಿನಗ್ಯಾಕ ಕೊಡ್ತಿದ್ದೆ?"

ಅವಳು ಮೊಬೈಲನ್ನು ಕಿವಿಗೆ ಹಿಡಿದು, ಕಣ್ಣು ಮುಚ್ಚಿ ಕೇಳಿದಳು. ಹರಿಹರದಲ್ಲಿ ಮುಚ್ಚಿಹೋದ ಕಾರ್ಖಾನೆಯೊಂದರ ಕೆಲಸಗಾರನ ಹಾಡು ಅದು. ಸಿದ್ದೇಶ್ ತನ್ನ ಅಪ್ಪನನ್ನು ನೆನೆದು ಬರೆದದ್ದು. 'ಕೂಗೋದು ನಿಂತ್ರೂ ಎಂಟಕ್ಕೆ ಎಚ್ಚರ, ಹೋಗಾಕೆ ಜಾಗಿಲ್ಲ, ಅಂಗಿಗೆ ಇಸ್ತ್ರಿ' ಎಂಬ ಸಾಲು ಚೌಡೇಶನಿಗೆ ಬಾಯಿಪಾಠ. ಅವಳ ತುಟಿ ಆ ಸಾಲಿಗೆ ಸಣ್ಣಗೆ ಅಲುಗಿದ್ದನ್ನು ಅವನು ಕಂಡ.

ಹಾಡು ಮುಗಿದ ಮೇಲೆ ಅವಳು ಅವನ ಎದುರಿಗೆ ಬಂದು ಕೂತು, ಒಂದೊಂದೇ ಮಾತು ಬಿಡಿಸಿ ಹೇಳಿದಳು. "ಮೊದ್ಲು ಹಾಡು ಅನಿಸಾದಿಲ್ರಿ, ಯಾರೋ ಜಗಳ ಆಡ್ತಾರೆ ಅನಿಸ್ತೈತೆ. ಗಿಟಾರು ಭಾಳ ಚುಚ್ಚತೈತೆ. ನಿಮ್ದು ಆಮೇಲೆ ಬರ್ತೈತೆ, ಮೆಲ್ಲಕ. ಕೊನಿಗೆ ಎಲ್ಲಾ ನಿಂತು ಆಸಿಮ್ ಒಬ್ನೇ ಹಾಡ್ತಾನಲ್ಲ, ಅಲ್ಲಿ ನಮ್ಮಪ್ಪ ನೆಪ್ಪಾದ. ಅಳು ಬಂತು."

"ನಂದು ಹೆಂಗೈತೆ?"

"ಚೆಂದೈತೆ" ಎಂದು ಅವಳು ಎದ್ದು ಮತ್ತೆ ಬಟ್ಟೆ ಮಡಿಸತೊಡಗಿದಳು. ಮುಖ ಆ ಕಡೆ ಮಾಡಿಕೊಂಡು ಇನ್ನೂ ಏನೋ ಹೇಳಿದಳೇನೋ, ಅವನಿಗೆ ಗೊತ್ತಾಗಲಿಲ್ಲ.

ಭಾನುವಾರ ಮಧ್ಯಾಹ್ನ ಗಾದಿ ಅಂಗಡಿಯ ಮುಂದೆ ಆಟೋ ನಿಂತಿತ್ತು. ಆಸಿಮ್ ಎಂದಿಗಿಂತ ಹೆಚ್ಚು ಉಪಚಾರ ಮಾಡಿದ. ಬಾ ಅಣ್ಣ, ಕೂಡು ಅಣ್ಣ, ಊಟ ಆತೇನಣ್ಣ ಎಂದು ಹಿಂದೆ ಮುಂದೆ ಸುತ್ತಿದ. ಸಿದ್ದೇಶ್ ಕಣ್ಣಿಗೆ ಕಣ್ಣು ಕೊಡದೆ ಮೊಬೈಲ್ ತಿಕ್ಕುತ್ತ ನಿಂತಿದ್ದ. ಇವರಿಗೆ ನನ್ನ ಕಿವಿಯ ಸುದ್ದಿ ತಿಳಿದಿದೆ ಎಂದು ಚೌಡೇಶನಿಗೆ ಅನ್ನಿಸಿತು. ಇವತ್ತು ಒಂದು ದಿನ ದಾಟಿದರೆ ಸಾಕು, ಆಲ್ಬಮ್ ಬಂದುಬಿಟ್ಟರೆ ಸಾಕು, ತನ್ನ ಕೈ ಅದರಲ್ಲಿ ಶಾಶ್ವತವಾಗಿ ಉಳಿಯುತ್ತದೆ, ಆಮೇಲೆ ತಾನಾಗಿಯೇ ಎದ್ದುಹೋಗುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತ. ಬಯಸಿದ್ದು ಅಷ್ಟನ್ನೇ.

ಹಿಂದಿನ ಸೀಟಿನಲ್ಲಿ ಚೌಡೇಶನನ್ನು ನಡುವೆ ಹಾಕಿಕೊಂಡು ಮೂವರೂ ಕೂತರು. ಸೀಟಿನ ಹಿಂದೆಯೇ ಚಾಚಾ ಕಟ್ಟಿಸಿದ ದೊಡ್ಡ ಸ್ಪೀಕರ್ ಪೆಟ್ಟಿಗೆ. ಊರು ದಾಟಿ ದಾರಿ ಖಾಲಿಯಾದ ಮೇಲೆ ಆಸಿಮ್ 'ಸೈರನ್' ಹಾಕಿದ. ಚೌಡೇಶನ ಬೆನ್ನಿಗೆ ಬೇಸಿನ ಗುಮ್ಮು ಬಂತು, ಅದರ ಮೇಲೆ ಏನೋ ಕಲಕಿದ ಸದ್ದು, ಅದರಾಚೆ ಏನೂ ಇಲ್ಲ. ಅವನು ಗಂಭೀರವಾಗಿ ತಲೆ ಆಡಿಸುತ್ತ ಕೂತ. ಆಸಿಮ್ ಉಸಿರು ಬಿಟ್ಟದ್ದು ನೋಡಿ ಹಾಡು ಮುಗಿಯಿತೆಂದು ತಿಳಿದುಕೊಂಡ.

"ಮೊದ್ಲಿಗೆ ಹಾಡು ಅನಿಸಾದಿಲ್ಲ, ಜಗಳ ಅನಿಸ್ತೈತೆ" ಎಂದ. "ಅದು ಇರ್ಲಿ, ಹಂಗೇ ಇರ್ಬೇಕು. ಆದ್ರ ಗಿಟಾರು ಭಾಳ ಚುಚ್ಚತೈತೆ ಆಸಿಮ್, ಸ್ವಲ್ಪ ಇಳಸು. ಕೊನಿಗೆ ನೀನೊಬ್ನೇ ಹಾಡ್ತೀಯಲ್ಲ, ಅಲ್ಲಿ ಕಣ್ಣಾಗೆ ನೀರು ಬರ್ತೈತೆ. ಅದನ್ನ ಮುಟ್ಟಬ್ಯಾಡ."

ಆಸಿಮನ ಮುಖ ಅರಳಿತು. ಸಿದ್ದೇಶ್ ತೊಡೆ ತಟ್ಟಿ, ಚೌಡೇಶನ ಕಡೆ ತಿರುಗಿ ಹೇಳಿದ: "ನಾನೂ ಅದನ್ನೇ ಹೇಳಿದ್ದೆ ಅಣ್ಣ, ಚುಚ್ಚತೈತೆ ಅಂತ. ಇವ ಕೇಳವಲ್ಲ." ಚಾಚಾ ಕೂಡ ಕನ್ನಡಿಯಲ್ಲಿ ನೋಡಿ ಹೌದೆಂದು ತಲೆ ಆಡಿಸಿದ. ಹೆಂಡತಿಯ ಮಾತನ್ನು ತನ್ನ ಮಾತಾಗಿ ಮಾರಿದ ಚೌಡೇಶನಿಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಪರೀಕ್ಷೆ ಪಾಸಾದ ಹುಡುಗನ ಹಾಗೆ ಅವನ ಮೈ ಹಗುರಾಯಿತು. ಇವರಿಗೆ ಏನೂ ಗೊತ್ತಿಲ್ಲ, ಸುಮ್ಮನೆ ಹೆದರಿದೆ ಎಂದುಕೊಂಡ.

ಹರಿಹರದ ಸೇತುವೆಯ ಈಚೆ ಲಾರಿಗಳು ಸಾಲುಗಟ್ಟಿ ನಿಂತಿದ್ದವು. ಮುಂದೆ ಏನೋ ಕೆಟ್ಟು ನಿಂತಿರಬೇಕು. ಚಾಚಾ ಆಟೋ ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ, ಒಮ್ಮೆ ಆರಿದರೆ ಮತ್ತೆ ಹತ್ತಿಸುವುದು ಆ ಗಾಡಿಯಲ್ಲಿ ದೊಡ್ಡ ಪಾಡು. ಆಸಿಮ್ ಸಿದ್ದೇಶನ ಮುಖ ನೋಡಿದ, ಸಿದ್ದೇಶ್ ಆಸಿಮನ ಮುಖ ನೋಡಿದ. "ಎರಡನೇದು ಹಾಕ್ಲೇನಣ್ಣ?" ಎಂದು ಆಸಿಮ್ ಕೇಳಿದ.

"ಹಾಕಪ್ಪ, ಅಪ್ಪಣೆ ಯಾಕ?"

ಎರಡನೆಯ ಹಾಡು 'ಹೊಳೆದಂಡೆ'. ಸತ್ತವರ ಬಟ್ಟೆಯನ್ನು ಹೊಳೆಗೆ ಬಿಟ್ಟು ಮನೆಗೆ ಮರಳುವವರ ಹಾಡು. ಹುಬ್ಬಳ್ಳಿಯಲ್ಲಿ ಚೌಡೇಶ್ ತುಂಬ ಕಷ್ಟಪಟ್ಟು ಬಾರಿಸಿದ್ದು ಇದನ್ನೇ. ತೀರ ನಿಧಾನದ ಹಾಡು. ನಿಧಾನದಲ್ಲಿ ಒಂದು ಏಟು ಕೂದಲೆಳೆಯಷ್ಟು ತಪ್ಪಿದರೂ ಎದ್ದು ಕಾಣುತ್ತದೆ. ಅವನು ಬೆನ್ನನ್ನು ಪೆಟ್ಟಿಗೆಗೆ ಒತ್ತಿ ಕಾದ. ಈ ಸಲ ಬೇಸಿನ ಗುಮ್ಮು ಬರಲಿಲ್ಲ. ಬದಲಿಗೆ ಸೀಟಿನಿಂದ, ಪಾದದಿಂದ, ಬೆನ್ನಿನಿಂದ ಮೆಲ್ಲಗೆ ಏಟು ಮೇಲೆ ಬಂತು. ಧಡ್, ಧಡ್, ಧಡ್. ಒಂದೇ ಸಮ. ಅವನು ಕಣ್ಣು ಮುಚ್ಚಿದ. ಹಾಡು ಮುಗಿಯುವ ತನಕ ಒಂದೇ ಒಂದು ಏಟು ಜಾರಲಿಲ್ಲ. ಟಿಕ್ ಕೇಳಿಸದಿದ್ದರೂ, ಬರೀ ಕಾಲು ನೋಡಿ ಬಾರಿಸಿದರೂ, ತನ್ನ ಕೈಗೆ ತನ್ನ ಕೆಲಸ ಗೊತ್ತಿತ್ತಲ್ಲ ಎಂದು ಅವನಿಗೆ ಅಲ್ಲೇ ಅತ್ತುಬಿಡುವಷ್ಟು ಸಂತೋಷವಾಯಿತು. ಎಷ್ಟೋ ತಿಂಗಳಿಂದ ಎದೆಯ ಮೇಲೆ ಕೂತಿದ್ದದ್ದು ಎದ್ದುಹೋಯಿತು.

ಕಣ್ಣು ಬಿಟ್ಟಾಗ ಇಬ್ಬರೂ ಅವನನ್ನೇ ನೋಡುತ್ತಿದ್ದರು. ಏಟು ತಿನ್ನಲು ತಯಾರಾಗಿ ನಿಂತವರ ಹಾಗಿತ್ತು ಅವರ ಮುಖ.

"ಸೈರನ್ನಿಗಿಂತ ಇದೇ ಒಂದು ಕೈ ಮ್ಯಾಲೆ" ಎಂದ ಚೌಡೇಶ್. ಖುಷಿಯಲ್ಲಿ ನಾಲಗೆ ಸಡಿಲಾಗಿತ್ತು. "ನನ್ನ ಹೊಗಳಿಕೆ ನಾನೇ ಮಾಡಬಾರ್ದು. ಆದ್ರ ಇದ್ರಾಗೆ ನನ್ನ ಕೈ ಬಿದ್ದಿರೋದು ನೋಡ್ರಲೇ. ಒಂದು ಏಟು ಆಚಿಗಿಲ್ಲ, ಈಚಿಗಿಲ್ಲ. ಹುಬ್ಬಳ್ಯಾಗೆ ನಾನು ಎಷ್ಟು ಹೆದರಿದ್ದೆ ಅಂತ ನಿಮಗೆ ಗೊತ್ತಿಲ್ಲ. ಹಿಂಗ್ ಬಾರಿಸೀನಿ ಅಂತ ನನಗೇ ಗೊತ್ತಿರ್ಲಿಲ್ಲ."

ಸಿದ್ದೇಶನ ಬಾಯಿ ಅರ್ಧ ತೆರೆದು ಹಾಗೇ ನಿಂತಿತು. ಕನ್ನಡಿಯಲ್ಲಿ ಚಾಚಾನ ತುಟಿ ಅಲುಗಿತು. ಚಾಚಾನಿಗೆ ಇವರ ಒಳಗುಟ್ಟು ತಿಳಿಯದು. ಮನಸ್ಸಿಗೆ ಬಂದದ್ದನ್ನು ಆಡುವ ಮನುಷ್ಯ. 'ಡ್ರಮ್ಮು' ಎಂದದ್ದು ಚೌಡೇಶನಿಗೆ ತುಟಿಯಲ್ಲಿ ಕಂಡಿತು. ಆಸಿಮ್ ಮುಂದೆ ಬಾಗಿ ಚಾಚಾನ ಭುಜವನ್ನು ಗಟ್ಟಿಯಾಗಿ ಹಿಡಿದುಕೊಂಡ. ಅಷ್ಟರಲ್ಲಿ ಲಾರಿಗಳು ಕದಲಿದವು. ಚಾಚಾ ಸೇತುವೆ ದಾಟಿಸಿ, ಹೊಳೆಯ ಬದಿಯ ಚಹಾದಂಗಡಿಯ ಮುಂದೆ ಗಾಡಿ ಹಾಕಿ, ಯಾಕೋ ಏನೋ, ಇಂಜಿನ್ ಬಂದ್ ಮಾಡಿದ.

ಏಟು ನಿಂತಿತು.

ಆಸಿಮನ ಮಡಿಲಿನಲ್ಲಿದ್ದ ಮೊಬೈಲಿನಲ್ಲಿ 'ಹೊಳೆದಂಡೆ' ತಾನಾಗಿಯೇ ಎರಡನೆಯ ಸಲ ಓಡುತ್ತಿರುವುದು ಪರದೆಯ ಮೇಲೆ ಕಾಣುತ್ತಿತ್ತು. ಆಸಿಮ್ ಅದನ್ನು ನಿಲ್ಲಿಸಲು ಕೈ ಹಾಕಿದ. ಚೌಡೇಶ್ ಅವನ ಕೈ ಹಿಡಿದ. ಇನ್ನೊಂದು ಕೈಯನ್ನು ಹಿಂದಕ್ಕೆ ಚಾಚಿ, ಅಂಗೈಯನ್ನು ಸ್ಪೀಕರ್ ಪೆಟ್ಟಿಗೆಯ ಮೇಲೆ ಒತ್ತಿದ. ತಂತಿಯ ಸಣ್ಣ ನಡುಕ ಬಿಟ್ಟರೆ ಅಲ್ಲಿ ಏನೂ ಇರಲಿಲ್ಲ. ಹಾಡು ಅರ್ಧ ದಾಟುವ ತನಕ ಕೈ ತೆಗೆಯದೆ ಕೂತ. ಅಷ್ಟು ಹೊತ್ತು ತಾನು ಕಣ್ಣು ಮುಚ್ಚಿ ಮೆಚ್ಚಿಕೊಂಡದ್ದು ಕುತುಬುದ್ದೀನನ ಡೀಸೆಲ್ ಇಂಜಿನ್ನನ್ನು.

"ಡ್ರಮ್ ಎಲ್ಲಿ?" ಎಂದ.

ಸಿದ್ದೇಶ್ ಹೇಳಿದ, ಚೌಡೇಶ್ ಅವನ ತುಟಿಯಿಂದ ಕಣ್ಣು ತೆಗೆಯಲಿಲ್ಲ. "ತೆಗ್ದೀವಣ್ಣ. ಎಲ್ಲಾ ಕಡೆ ಹಿಂದೆ ಬೀಳ್ತಿತ್ತು. ಎಷ್ಟು ಸರಿ ಮಾಡಿದ್ರೂ ಕೂಡಲಿಲ್ಲ. ಬರೀ ಗಿಟಾರ್ ಇಟ್ವಿ. ಹೇಳಾಕೆ ಧೈರ್ಯ ಆಗ್ಲಿಲ್ಲ. ಕೇಳಿದ ಕೂಡ್ಲೆ ನೀನು ಬೈತೀ, ಜಗಳ ತೆಗೀತೀ, ಆಮ್ಯಾಲೆ ಕುಂತು ಮಾತಾಡಿದ್ರಾತು ಅಂತಿದ್ವಿ."

ಬೈಯಬೇಕಿತ್ತು. ಕಷ್ಟಪಟ್ಟು ಬಾರಿಸಿದ್ದನ್ನು ತನ್ನನ್ನು ಒಂದು ಮಾತು ಕೇಳದೆ ಕಿತ್ತುಹಾಕಿದವರ ಕೊರಳಪಟ್ಟಿ ಹಿಡಿಯಬೇಕಿತ್ತು. ಹುಡುಗರು ಅದಕ್ಕೇ ತಯಾರಾಗಿ ಬಂದಿದ್ದರು, ಬೈಸಿಕೊಂಡು ಹಗುರಾಗಿ ಮನೆಗೆ ಹೋಗುತ್ತಿದ್ದರು. ಇಂಜಿನ್ ಸದ್ದನ್ನು ತನ್ನ ಕೈ ಎಂದು ಹೊಗಳಿಕೊಂಡವನಿಗೆ ಈಗ ಸಿಟ್ಟಾಗುವ ಅಧಿಕಾರವೂ ಉಳಿದಿರಲಿಲ್ಲ. ಅವನಿಗೆ ಅವಮಾನಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು. ಹಾಡು ಎಂಬುದೊಂದು ಇದ್ದ ಮನೆಯ ಬಾಗಿಲು ತನ್ನ ಪಾಲಿಗೆ ಮುಚ್ಚಿದೆ ಎಂದು ಮೊದಲ ಸಲ ಪೂರ್ತಿಯಾಗಿ ತಿಳಿಯಿತು.

"ಉಳಿದ ಹಾಡು?" ಎಂದು ಕೇಳಿದ.

ಆಸಿಮ್ ಹೊಳೆಯ ಕಡೆ ಮುಖ ತಿರುಗಿಸಿಕೊಂಡು ಏನೋ ಉತ್ತರ ಕೊಟ್ಟ. ಕೆನ್ನೆ ಅಲುಗಿದ್ದಷ್ಟೇ ಚೌಡೇಶನಿಗೆ ಕಂಡದ್ದು. ತಿರುಗಿ ಹೇಳು ಎನ್ನಬಹುದಿತ್ತು; ಎನ್ನಲಿಲ್ಲ. "ಎಷ್ಟು ದಿನದಿಂದ ಅಣ್ಣ?" ಎಂದು ಸಿದ್ದೇಶ್ ತನ್ನ ಕಿವಿ ಮುಟ್ಟಿಕೊಂಡು ಕೇಳಿದ್ದು ಮಾತ್ರ ಕಣ್ಣಿಗೆ ಬಿತ್ತು.

ನಾಲ್ವರೂ ಇಳಿದರು. ಹೊಳೆಯಲ್ಲಿ ನೀರು ಸಣ್ಣಗಾಗಿ ಬಂಡೆಗಳು ಎದ್ದಿದ್ದವು, ಬಟ್ಟೆ ಒಗೆಯುವವರು ಬಡಿಯುತ್ತಿದ್ದರು. ಕೈ ಎತ್ತುವುದು, ಇಳಿಸುವುದು ಕಾಣುತ್ತಿತ್ತು. ಚೌಡೇಶ್ ಅಂಗಡಿಯ ಮುಂದಿನ ಬೆಂಚಿನ ತುದಿಯಲ್ಲಿ ಕೂತ. ಆಸಿಮ್ ಕಣ್ಣೊರೆಸಿಕೊಳ್ಳುತ್ತ ಆಟೋದ ಆ ಬದಿಗೆ ನಿಂತ. ಚಾಚಾ ತಲೆ ಮೇಲಿನ ಟೋಪಿ ತೆಗೆದು ಸುಮ್ಮನೆ ಕೈಯಲ್ಲಿ ಹಿಡಿದುಕೊಂಡಿದ್ದ.

ಸಿದ್ದೇಶ್ ಅಂಗಡಿಯವನಿಗೆ ಏನೋ ಹೇಳಿ ಬಂದ. ಈ ಹುಡುಗ ಇಷ್ಟು ವರ್ಷ ಚೌಡೇಶನ ಜೊತೆ ಚೇಷ್ಟೆ ಮಾಡಿದ್ದ, ವಾದ ಮಾಡಿದ್ದ, ಬೇಕೆಂದೇ ಕೆಣಕಿ ಬೈಸಿಕೊಂಡಿದ್ದ. ಈಗ ಬೆಂಚಿನ ಹತ್ತಿರ ಬಂದು, ಮೊಣಕಾಲು ಮಡಚಿ ಬಾಗಿ, ಚೌಡೇಶನ ಕಿವಿಯ ಹತ್ತಿರ ಬಾಯಿ ತಂದು, ಒಂದೊಂದು ಅಕ್ಷರವನ್ನೂ ಬಿಡಿಸಿ, ಮಕ್ಕಳಿಗೆ ಹೇಳುವ ದನಿಯಲ್ಲಿ, ಅಂಗಡಿಯವರೆಲ್ಲ ತಿರುಗಿ ನೋಡುವಷ್ಟು ಜೋರಾಗಿ ಕೂಗಿದ.

"ಚಹಾ... ಕುಡಿತೀಯೇನು... ಅಣ್ಣಾ?"

ಅದು ಚೌಡೇಶನಿಗೆ ಸ್ಪಷ್ಟವಾಗಿ ಕೇಳಿಸಿತು. ಅವನು ಹೂಂ ಎಂದು ತಲೆ ಆಡಿಸಿದ.